ಕೀಲಿಕೈ ಬಿಟ್ಟು ಹೋದ ಗಾಡಿ

ನಮ್ಮ ಹೊಸ ಕಾರಿಗೆ ಕೀಲಿಕೈ ಇದೆ, ಅದನ್ನು ತೂರಿಸಲು ತೂತಿಲ್ಲ. ಅದು ಕಿಸೆಯಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಗಾಡಿ ಶುರುವಾಗುತ್ತದೆ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆಗೆಯುವುದು ಕೀಲಿಕೈ. ನಿಪ್ಪಾಣಿಯ ಪೇಟೆಗೆ ಬಂದರೆ ಅದೇ ಚಾವಿ. ಕೈಗೆ ಕೆಲಸವನ್ನೇ ಕೊಡದ ವಸ್ತುವನ್ನು ಕೀಲಿಕೈ ಎಂದು ಹೇಗೆ ಕರೆಯುವುದು? ಇಂಥ ಘನವಾದ ಜಿಜ್ಞಾಸೆಗಳಲ್ಲಿ ಕಾಲ ಕಳೆಯುವವನು ನಾನು. ಮನೆಯಲ್ಲಿ ಕೇಳುವವರಿಲ್ಲ. ಹಾಗಾಗಿ ಕಾರಿನಲ್ಲಿ ಕೂತವರಿಗೆ ಹೇಳುತ್ತೇನೆ. ಓಡುವ ಗಾಡಿಯಿಂದ ಅವರು ಇಳಿದುಹೋಗುವಂತಿಲ್ಲವಲ್ಲ.

ಹೋದ ಬೇಸಿಗೆಯ ಒಂದು ಸೋಮವಾರ ನಿಪ್ಪಾಣಿಯಿಂದ ಯಡೂರಿಗೆ ಹೊರಟೆವು. ಹೆಂಡತಿ ಸುನಂದಾ ವೀರಭದ್ರನಿಗೆ ಏನೋ ಹರಕೆ ಹೊತ್ತಿದ್ದಳು. ಏನೆಂದು ಕೇಳಿದರೆ ಹೇಳಲಿಲ್ಲ, ನನ್ನನ್ನು ಕುರಿತದ್ದೇ ಇರಬೇಕು. ಜೊತೆಗೆ ಅಥಣಿಯಿಂದ ಬಂದಿದ್ದ ಚಂಪಾ ಮೌಶಿ, ನನ್ನ ತಾಯಿಯ ತಂಗಿ. ಒಂದು ಕಾಲಕ್ಕೆ ಅಥಣಿ ಹತ್ತಿರದ ಅನಂತಪುರದ ಹೊಲಕ್ಕೆ ತಾನೇ ಜೀಪು ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸು. ಲೈಸೆನ್ಸು ಈಗಲೂ ಚಾಲ್ತಿಯಲ್ಲಿದೆ. ಆದರೆ ಅರವತ್ತು ದಾಟಿದ ಮೇಲೆ ಮಕ್ಕಳು "ಇನ್ನ ಸಾಕಬೇ" ಎಂದು ಮನೆಯ ಗಾಡಿಗಳ ಚಾವಿಗಳನ್ನೆಲ್ಲ ಮುಚ್ಚಿಟ್ಟರು. ಬಿಪಿ ಇದೆಯೆಂದು ಕರಿದ ತಿಂಡಿಯನ್ನೂ ಮುಚ್ಚಿಟ್ಟರು.

ಯಡೂರಿನಲ್ಲಿ ನದಿಯ ಕಡೆಗೆ ಇಳಿಯುವ ದಾರಿಯ ಮೇಲೆ ಗಾಡಿ ನಿಲ್ಲಿಸಿದೆ. "ಮೊಣಕಾಲು ಬ್ಯಾನಿ ಆಗಾಕತ್ತಾವ. ನೀವಿಬ್ರೂ ಹೋಗಿ ಬರ್ರಿ, ನಾ ಎಸಿಯಾಗ ಕೂಡ್ತೀನಿ" ಎಂದಳು ಮೌಶಿ.

ನನಗೆ ಭಾಷಣಕ್ಕೆ ವಿಷಯ ಸಿಕ್ಕಿತು. ಚಾಲೂ ಇದ್ದಾಗ ಚಾವಿ ತೆಗೆದುಕೊಂಡು ಹೋದರೂ ಈ ಇಂಜಿನ್ ನಿಲ್ಲುವುದಿಲ್ಲ. ಕುಂಯ್ ಕುಂಯ್ ಎಂದು ತಕರಾರು ಮಾಡುತ್ತದೆ, ಅಷ್ಟೇ. ಒಮ್ಮೆ ಬಂದ್ ಮಾಡಿದರೆ ಮಾತ್ರ ಚಾವಿ ಬರುವತನಕ ಶುರುವಾಗದು. ಆದ್ದರಿಂದ ಗೇರು ಪಾರ್ಕಿಂಗ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕು ಎಳೆದಿರಬೇಕು, ಗಾಲಿಗೆ ಕಲ್ಲು ಹಚ್ಚಬೇಕು. ಹೊಗೆ ತುಂಬಿಕೊಳ್ಳದಂತೆ ಗಾಡಿ ಬಯಲಲ್ಲೇ ಇರಬೇಕು, ಗಾಜು ತುಸು ಇಳಿದಿರಬೇಕು. ಮೌಶಿ ಶಾಲೆಯ ಹುಡುಗಿಯಂತೆ ಕೇಳಿಸಿಕೊಂಡಳು. ನನ್ನನ್ನು ಅಷ್ಟು ಶ್ರದ್ಧೆಯಿಂದ ಕೇಳಿದವರು ಬೇರೆ ಯಾರೂ ಇಲ್ಲ.

"ಹಂಗಂದ್ರ ಚಾವಿ ಇಲ್ಲದನೂ ಗಾಡಿ ಹೊಕ್ಕೈತೇನೋ ಬಾಳಾ?"

"ಹೊಕ್ಕೈತಿ. ಆದ್ರ ಹೋಗಬಾರ್ದು" ಎಂದು ಹೇಳಿ, ಕಲ್ಲು ಹಚ್ಚಿ, ಚಾವಿ ಕಿಸೆಗಿಳಿಸಿ ನಡೆದೆ.

ಹರಕೆ ತೀರಿಸಿ ಬಂದು ನೋಡಿದರೆ ಗಾಡಿ ಇಲ್ಲ. ಇಳಿಜಾರಿನ ತುದಿಯಲ್ಲಿ ಕೃಷ್ಣೆ ತನ್ನ ಪಾಡಿಗೆ ಹರಿಯುತ್ತಿದ್ದಳು. ದಂಡೆಗೆ ಓಡಿದೆ. ನೀರಿನಲ್ಲಿ ಒಂದು ಎಮ್ಮೆ ಬಿಟ್ಟರೆ ಕಪ್ಪಗಿನದು ಏನೂ ಕಾಣಲಿಲ್ಲ. ನಮ್ಮ ಗಾಡಿ ಬಿಳಿಯದೆಂಬುದೂ ಆಗ ನೆನಪಿಗೆ ಬರಲಿಲ್ಲ.

"ರೀ, ಇಲ್ಲಿ ನೋಡ್ರಿ" ಎಂದು ಸುನಂದಾ ಮೇಲಿನಿಂದ ಕೂಗಿದಳು. ಗಾಲಿಗೆ ಹಚ್ಚಿದ್ದ ಕಲ್ಲು ದಾರಿಯ ಬದಿಗೆ ಒಪ್ಪವಾಗಿ ಸರಿದಿತ್ತು. ತಾನಾಗಿ ಉರುಳುವ ಗಾಡಿಗೆ ಇಷ್ಟು ಸಂಸ್ಕಾರ ಎಲ್ಲಿಂದ ಬರಬೇಕು?

ಪಕ್ಕದಲ್ಲಿ ತೆಂಗಿನಕಾಯಿ ಮಾರುತ್ತಿದ್ದ ಹೆಂಗಸು ನಕ್ಕಳು. "ಆಯಿ ಹೊಡಕೊಂಡ ಹೋದ್ರಲ್ರಿ, ಚಿಕ್ಕೋಡಿ ದಾರಿಗೆ. ನನಗ ಟಾಟಾನೂ ಮಾಡಿದ್ರು."

ಸುನಂದಾಳನ್ನು ಅಲ್ಲೇ ನಿಲ್ಲಿಸಿ, ಪುಣ್ಯಾತ್ಮನೊಬ್ಬನ ಬೈಕಿನ ಹಿಂದೆ ಹತ್ತಿದೆ. ಊರ ಹೊರಗಿನ ಭಜಿ ಅಂಗಡಿಯ ಮುಂದೆ ನಮ್ಮ ಗಾಡಿ ಗುರುಗುಡುತ್ತಾ ನಿಂತಿತ್ತು. ಗಾಜು ಇಳಿದಿತ್ತು. ಡ್ರೈವರ್ ಸೀಟಿನಲ್ಲಿ ಮೌಶಿ, ಕೈಯಲ್ಲಿ ಕಾಗದದ ತುಂಬ ಮೆಣಸಿನಕಾಯಿ ಭಜಿ.

"ಗಾಬರ್ಯಾಗಬ್ಯಾಡ. ಇಂಜಿನ್ ಬಂದ್ ಮಾಡಿಲ್ಲ. ಅಂಗಡ್ಯಾಂವನ ಕಡಿಂದ ಕಲ್ಲೂ ಹಚ್ಚಿಸೀನಿ. ನೀ ಹೇಳಿದ್ದು ಒಂದೂ ಬಿಟ್ಟಿಲ್ಲ ನೋಡು."

ಬೈಯಬೇಕೆಂದೇ ಬಾಯಿ ತೆರೆದೆ. "ನದ್ಯಾಗ ಬಿದ್ದೀ ಅನ್ಕೊಂಡೆ ಮೌಶಿ" ಎನ್ನುವಷ್ಟರಲ್ಲಿ ದನಿ ಒಡೆಯಿತು.

ಮೌಶಿ ತಿನ್ನುವುದು ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿ ನನ್ನ ಕೆನ್ನೆ ಮುಟ್ಟಿದಳು. "ತಪ್ಪಾತು, ಬಾಳಾ. ಆದ್ರ ಕೇಳಿದ್ರ ನೀ ಬಿಡ್ತಿದ್ದೇನು?"

ಬಿಡುತ್ತಿರಲಿಲ್ಲ. ಏಕೆ ಬಿಡಬಾರದೆಂದು ವಾಪಸು ದಾರಿಯ ಅಂಕಲಿಯತನಕ ವಿವರಿಸುತ್ತಿದ್ದೆ. ಅವಳು ಚಾಚಿದ ಭಜಿಯನ್ನು ಬಾಯಿಗೆ ಹಾಕಿಕೊಂಡೆ. ಅಲ್ಲಿಗೆ ಅಥಣಿಯಲ್ಲಿದ್ದ ಅವಳ ಮಕ್ಕಳಿಗೆ ಫೋನು ಮಾಡುವ ನೈತಿಕ ಹಕ್ಕೂ ಹೋಯಿತು.

"ಇಳಿ, ನಾ ಹೊಡೀತೀನಿ."

"ಸುನಂದಾ ಬಿಸಲಾಗ ನಿಂತಾಳ. ಆ ಕಡಿಂದ ಹತ್ತು, ಲಗೂನ."

ಗಾಲಿಯ ಕಲ್ಲು ಸರಿಸಿ ಹತ್ತಿದೆ. ಮೌಶಿ ಅಡ್ಡ ಬಂದ ಕರುವಿಗೆ ನಿಂತು ದಾರಿ ಬಿಟ್ಟಳು. ನಾನಾದರೆ ಹಾರ್ನ್ ಬಾರಿಸುತ್ತಿದ್ದೆ. ಗುಡಿಯ ಹತ್ತಿರ ಸುನಂದಾ ನಮ್ಮಿಬ್ಬರ ಮುಖ ನೋಡಿದಳು, ಎಣ್ಣೆ ಹತ್ತಿದ ನನ್ನ ಮೀಸೆ ನೋಡಿದಳು. ಈಗ ಶುರುವಾಯಿತೆಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅವಳು ನನ್ನ ಕಡೆಯ ಬಾಗಿಲು ತೆರೆದು, "ನೀವು ಹಿಂದ ಹೋಗ್ರಿ" ಎಂದಳು. ಆಮೇಲೆ ಮುಂದೆ ಕೂತು, "ಮೌಶಿ, ಮನೀತನಕ ನೀವ ಹೊಡೀರಿ. ಇವರು ಹೊಡದ್ರ ನನಗ ಹೊಟ್ಟಿ ತೊಳಸ್ತೈತಿ" ಎಂದಳು.

ಮದುವೆಯಾದಾಗಿನಿಂದ ಈ ಮಾತು ಅವಳ ಹೊಟ್ಟೆಯಲ್ಲೇ ಇತ್ತು. ಮುಂದೆ ಕೂತ ಇಬ್ಬರೂ ನಗುತ್ತಾ ಹರಟುತ್ತಿದ್ದರು. ಚಿಕ್ಕೋಡಿ ದಾಟಿದ ಮೇಲೆ, ನಾನು ಎಷ್ಟೋ ಸಲ ಓಡಾಡಿದ ದಾರಿಯಲ್ಲಿ, ಎಡಗಡೆ ಒಂದು ಸಣ್ಣ ಕೆರೆ, ಅದರ ತುಂಬ ಬೆಳ್ಳಕ್ಕಿ.

"ಮೌಶಿ, ಕೆರಿ ನೋಡು!" ಎಂದೆ.

"ನಾ ಮುಂಜಾನೆ ಬರುವಾಗ ನೋಡೀನಿ" ಎಂದಳು ಮೌಶಿ, ದಾರಿಯಿಂದ ಕಣ್ಣು ಕೀಳದೆ. "ಈಗ ನಿನ್ನ ಪಾಳಿ."