ಗೂಬೆ ಓಡಿಸಿದವರು

ಭಾನುವಾರ, ಸಂಜೆ ಐದು ಗಂಟೆ, ತುರುವನೂರು. ಹಾಜರಿದ್ದವರು: ಆಗ ನಮ್ಮ ನೆರೆಯವರಾಗಿದ್ದ ಯಜಮಾನರು, ಅವರ ಹೆಂಡತಿ, ನಾನು. ಬಿತ್ತನೆಗೆಂದು ಅವರ ಅಟ್ಟದಲ್ಲಿಟ್ಟಿದ್ದ ಶೇಂಗಾವನ್ನು ಇಲಿಗಳು ತಿಂದು ಸಿಪ್ಪೆ ಬಿಟ್ಟಿದ್ದವು. ಒಂದೇ ಚೀಲ ಉಳಿದಿತ್ತು.

ಏನು ಕೆಟ್ಟರೂ ಯಜಮಾನರು ಹೆಗಲ ಮೇಲಿನ ಟವೆಲ್ ಕೊಡವಿ, “ನಂದೇನೈತ್ರಿ ಇದ್ರಾಗೆ?” ಎನ್ನುತ್ತಿದ್ದರು. ಇಲಿ ಹಿಡಿಯಲು ಅಟ್ಟದ ಗವಾಕ್ಷಿಗೆ ಬರುತ್ತಿದ್ದ ಗೂಬೆಯನ್ನು ಅಪಶಕುನವೆಂದು ಓಡಿಸಿ, ಅಲ್ಲಿ ಹಲಗೆ ಹೊಡೆದು ಮುಚ್ಚಿದವರೂ ಅವರೇ. ಅಂದಿನಿಂದ ಇಲಿಗಳಿಗೆ ಶುಭಶಕುನ.

ಈಗ ಅವರು, ಚೀಲ ಹೊಲಿದವನದು ತಪ್ಪು ಎಂದರು. ಆಮೇಲೆ ನಮ್ಮ ಬೆಕ್ಕು ಸೋಮಾರಿ ಎಂದರು. ಕೊನೆಗೆ ಹೆಂಡತಿ ಅಟ್ಟ ಗುಡಿಸಲಿಲ್ಲ ಎಂದರು.

ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. “ಇದ್ದ ಗೂಬೆ ಓಡಿಸಿ, ಈಗ ಕಂಡೋರ ಮ್ಯಾಲೆಲ್ಲ ಗೂಬೆ ಕೂರಿಸ್ತೀರಲ್ರೀ! ಒಂದನ್ನ ನಮ್ಮ ಅಟ್ಟದಾಗೂ ಕೂರಿಸ್ರಿ. ಉಳಿದಿರೋ ಚೀಲನಾದ್ರೂ ಬಿತ್ತಾಣ.”

ನಾನು ಏಣಿ ಹಿಡಿದೆ. ಯಜಮಾನರು ಹತ್ತಿ ಹಲಗೆ ಕಿತ್ತರು, ಇಳಿದು ಟವೆಲ್ ಕೊಡವಿದರು.

“ಬಾಗ್ಲು ತೆಗ್ದೀನಿ. ಇನ್ನು ಅದು ಬರ್ಲಿಲ್ಲ ಅಂದ್ರೆ ನಂದೇನೈತ್ರಿ ಇದ್ರಾಗೆ?”

ಏಣಿಯನ್ನು ಅದರ ಜಾಗದಲ್ಲಿ ಒರಗಿಸಿ ನಾನು ಮನೆಗೆ ಬಂದೆ.