ಮದುವೆಯ ಹೊರಗಿನ ಸಂಬಂಧ

ನನ್ನ ಗಂಡ ನನ್ನ ಅವ್ವನ ಖಾಸಾ ತಮ್ಮ. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುಧೋಳದಲ್ಲಿ ನಾನು ಹುಟ್ಟಿದ ಸುದ್ದಿ ಕೇಳಿ ಜಮಖಂಡಿಯಲ್ಲಿ ಆಯಿ, ಅಂದರೆ ಅವ್ವನ ಅವ್ವ, ‘ನನ್ನ ಸೊಸಿ ಹುಟ್ಟಿದ್ಲು’ ಎಂದು ಓಣಿಗೆಲ್ಲ ಸಕ್ಕರೆ ಹಂಚಿದ್ದಳಂತೆ. ಅವ್ವನಿಗೂ ಅದೇ ಆಸೆ. ಮಗಳು ತನ್ನ ತವರಿಗೇ ಸೊಸೆಯಾಗಿ ಹೋದರೆ ತವರಿನ ಬಾಗಿಲು ತನಗೆ ಎಂದೂ ಮುಚ್ಚುವುದಿಲ್ಲ ಎಂಬ ಲೆಕ್ಕ ಅವಳದು. ನನ್ನನ್ನೇನೂ ಹಗ್ಗ ಹಾಕಿ ಎಳೆದುಕೊಂಡು ಹೋಗಿ ಮದುವೆ ಮಾಡಲಿಲ್ಲ. ಮಾಮಾ ಅಂದರೆ ನನಗೂ ಜೀವ. ನರ್ಸಿಂಗ್ ಕಲಿತು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ. ರಜೆ ಹಾಕಿ ಬಂದು ತಾಳಿ ಕಟ್ಟಿದ. ‘ವೀಸಾ ಆಗೂದ ತಡ, ಕರಕೊಂಡ ಹೋಗ್ತೀನಿ’ ಎಂದು ಹೇಳಿ ಹೋದ. ನಾನು ಆಯಿಯ ಮನೆಯಲ್ಲಿ ಉಳಿದೆ.

ಅರ್ಜಿ ತುಂಬುವವನ ಆಫೀಸು ಮಹಾಲಿಂಗಪುರದ ಬಸ್ ಸ್ಟ್ಯಾಂಡ್ ಹತ್ತಿರ, ಬೆಲ್ಲದ ಅಂಗಡಿಯ ಮಹಡಿಯ ಮೇಲೆ. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಅವನು ಕಂಪ್ಯೂಟರ್ ನೋಡುತ್ತ ಒಂದೊಂದೇ ಪ್ರಶ್ನೆಯನ್ನು ಕನ್ನಡ ಮಾಡಿ ಕೇಳುತ್ತಿದ್ದ. ಊರು, ಹುಟ್ಟಿದ ದಿನ, ಮದುವೆಯಾದ ದಿನ. ಆಮೇಲೆ ತಲೆ ಎತ್ತದೆ, ‘ನಿಮ್ಮ ಮನಿಯವರ ಜೋಡಿ ನಿಮಗ ಮದುವಿ ಹೊರಗ ಸಂಬಂಧ ಐತೇನ್ರಿ?’ ಎಂದ.

ನನ್ನ ಪಿತ್ತ ನೆತ್ತಿಗೇರಿತು. ‘ನಾಲಿಗಿ ಬಿಗಿ ಹಿಡದ ಮಾತಾಡ್ರಿ! ಮಾನವಂತರ ಮನಿ ಹೆಣ್ಮಕ್ಕಳಿಗೆ ಕೇಳೂ ಮಾತೇನ ಇದು?’

‘ಅಯ್ಯ, ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮದುವಿ ಆಗೂಕಿಂತ ಮೊದಲ ಅವರು ನಿಮಗ ಏನಾರ ಸಂಬಂಧ ಆಗಬೇಕಿತ್ತೇನು ಅಂತ ಕೇಳಾಕತ್ತಾರ.’

ಅವ್ವ ಹೆಮ್ಮೆಯಿಂದ, ‘ಆಗಬೇಕಿತ್ತೇನು ಅಂದ್ರ? ನನ್ನ ಬೆನ್ನಿಗೆ ಬಿದ್ದ ತಮ್ಮರೀ ಅಂವ’ ಎಂದಳು.

ಟೈಪು ಮಾಡುತ್ತಿದ್ದ ಅವನ ಕೈ ನಿಂತಿತು. ‘ನನ್ನಾಕಿನೂ ನಮ್ಮಕ್ಕನ ಮಗಳ ರೀ. ಆದ್ರ ನಾ ಎಲ್ಲಿಗೂ ಹೊಂಟಿಲ್ಲ’ ಎಂದ. ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ. ಆ ದೇಶದ ಕಾಯ್ದೆಯಲ್ಲಿ ಅಕ್ಕನ ಮಗಳನ್ನು ಮದುವೆಯಾಗುವಂತಿಲ್ಲ, ಅಂಥ ಹೆಂಡತಿಗೆ ವೀಸಾ ಕೊಡುವುದಿಲ್ಲ ಎಂದು ಹೇಳುವಾಗ, ಪಕ್ಕದ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂಬಂತೆ ದನಿ ಇಳಿಸಿದ್ದ.

ನಾವು ಒಯ್ದಿದ್ದ ಮದುವೆ ಆಲ್ಬಮ್ ತಿರುವಿದ. ಒಂದು ಫೋಟೋದ ಮೇಲೆ ಬೆರಳಿಟ್ಟು ನಿಂತ. ಮದುಮಕ್ಕಳು ಮನೆಯೊಳಗೆ ಕಾಲಿಡುವಾಗ ಮದುಮಗನ ಅಕ್ಕ ಬಾಗಿಲಿಗೆ ಅಡ್ಡ ನಿಲ್ಲುತ್ತಾಳಲ್ಲ, ನಿಮಗೆ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುವುದಾಗಿ ಮಾತು ಕೊಟ್ಟರಷ್ಟೇ ಒಳಗೆ ಬಿಡುತ್ತೇನೆ ಎಂದು, ಅವ್ವ ಹಾಗೆ ನಿಂತಿದ್ದಳು. ಅಡ್ಡಗಟ್ಟಿದ್ದು ಹೆತ್ತ ಮಗಳನ್ನೇ. ಅವಳ ಮಗ ಎಂದರೆ ನನ್ನ ಸ್ವಂತ ತಮ್ಮ! ಅಂದು ಇಡೀ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

‘ಇದನ್ನ ಯಾರಿಗೂ ತೋರಸಬ್ಯಾಡ್ರಿ’ ಎಂದು ಆಲ್ಬಮ್ ಮುಚ್ಚಿದ. ‘ಒಂದ ದಾರಿ ಐತಿ. ಅಂವ ನನ್ನ ತಮ್ಮ ಅಲ್ಲ, ನಮ್ಮ ಮನ್ಯಾಗ ಬೆಳದ ಹುಡುಗ ಅಂತ ನಿಮ್ಮ ಅವ್ವಾರು ಅಫಿಡವಿಟ್ ಮಾಡಿಕೊಡಬೇಕು. ಸಿಕ್ಕಬಿದ್ರ ಮಾತ್ರ ನಿಮ್ಮ ಮನಿಯವರ ನೌಕರಿನೂ ಹೋದೀತು. ಮತ್ತ ಫೋನಿನಾಗ ಮಾಮಾ ಅನ್ನೂದ ಇವತ್ತ ಬಿಡ್ರಿ.’

ಅವ್ವ ಅಲ್ಲಿಂದಲೇ ಮುಧೋಳದ ಬಸ್ಸು ಹತ್ತಿದಳು. ಅಂದಿನಿಂದ ಮನೆಯ ಗಾಳಿಯೇ ಕೆಟ್ಟಿತು. ಅವ್ವ, ಮಾಮಾ ಇಬ್ಬರೂ ಚಿಕ್ಕವರಿದ್ದಾಗ ತೆಗೆಸಿದ್ದ ಫೋಟೋವನ್ನು ಆಯಿ ಗೋಡೆಯಿಂದ ಇಳಿಸಿದಳು. ಬಾಗಿಲು ಬಡಿದರೆ ಸಾಕು, ತೆಗೆಯುವ ಮೊದಲು ಯಾರು, ಯಾವ ಊರು ಎಂದೆಲ್ಲ ವಿಚಾರಿಸುವಳು. ಆ ದೇಶದ ಸಾಹೇಬನೊಬ್ಬ ಬಂದು ಓಣಿಯಲ್ಲಿ ಕೇಳಿಬಿಟ್ಟರೆ ಎಂಬ ಹೆದರಿಕೆ. ಓಣಿಯ ಮಂದಿ ಮುಚ್ಚಿಡುವವರಲ್ಲ; ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದೇ ಅವರಿಗೆ ಹೊಳೆಯುತ್ತಿರಲಿಲ್ಲ. ನನಗೂ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಫೋನಿನಲ್ಲಿ ಮಾಮಾ ಬಿಟ್ಟು ‘ರೀ’ ಎನ್ನತೊಡಗಿದೆ. ಮಾತು ಬಂದಾಗಿನಿಂದ ಮಾಮಾ ಎಂದ ಬಾಯಿ ಇದು. ‘ರೀ’ ಎಂದಾಗಲೆಲ್ಲ ಯಾರೋ ಪರಗಂಡಸನ್ನು ಕರೆದಂತಾಗುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಅವ್ವ ಮುಧೋಳದಿಂದ ಬಂದಳು. ಚೀಲ ಕೆಳಗಿಡುವ ಮೊದಲೇ, ‘ತಮ್ಮ ಅಲ್ಲ ಅಂತ ಬರಕೊಡ್ತೀನಿ. ನೀ ಗಂಡನ ಜೋಡಿ ಬಾಳೇ ಮಾಡು’ ಎಂದಳು. ಒಳಗೆ ಆಯಿ, ‘ಹಂಗಾರ ಅಕ್ಕ-ತಮ್ಮ ನಿಮ್ಮಿಬ್ಬರೊಳಗ ನಾ ಯಾರನ್ನ ಹೆತ್ತೀನಿ ಅಂತ ಹೇಳ್ಲಿ?’ ಎಂದು ಅಳಲು ಶುರು ಮಾಡಿದಳು. ನನಗೆ ತಡೆಯಲಾಗಲಿಲ್ಲ. ‘ಬ್ಯಾಡಬೇ! ನಿನ್ನ ತವರಮನಿ ಅಳಿಸಿ ನಾ ಯಾವ ಸಂಸಾರ ಮಾಡ್ಲಿ?’ ಎಂದು ಚೀರಿದೆ.

ಅಂದು ಸಂಜೆ ಫೋನಿನಲ್ಲಿ ಮಾಮಾನಿಗೆ ಎಲ್ಲ ಹೇಳಿದೆ. ‘ಬರೇ ಕಾಗದ ಅಲ್ಲೇನು? ಅಕ್ಕ ಒಂದ ಸಹಿ ಹಾಕಿದ್ರ ಏನ ಗಂಟ ಹೋಗತೈತಿ?’ ಎಂದ. ‘ಅಕ್ಕ ಹಾಕ್ತಾಳ, ನಾ ಹಾಕಗೊಡೂದಿಲ್ಲ. ನೀವ ಬರ್ರಿ. ನಮ್ಮ ಕಡೆ ಆಸ್ಪತ್ರಿ ಇಲ್ಲೇನು?’ ಎಂದೆ. ‘ನೋಡೋಣು’ ಎಂದ. ಅಲ್ಲಿಯ ವಕೀಲರೊಬ್ಬರನ್ನು ಕೇಳಿದನಂತೆ. ಅವರು ಮುಖ ಸಿಂಡರಿಸಿ, ಇದನ್ನು ಕೆಲಸದ ಜಾಗದಲ್ಲಿ ಬಾಯಿ ಬಿಡಬೇಡ ಎಂದರಂತೆ. ಆಮೇಲೆ ಅವನ ಫೋನು ಕಡಿಮೆಯಾಯಿತು. ಮಾಡಿದಾಗಲೂ ಆಯಿಯ ಮೊಣಕಾಲು ನೋವು, ಊಟ, ಬಿಸಿಲು, ಇಷ್ಟೇ. ವಿಡಿಯೋದಲ್ಲೂ ನನ್ನ ಮುಖ ನೋಡದೆ ಮಾತಾಡುತ್ತಿದ್ದ. ಹಾಳಾಗಿ ಹೋಗಲಿ ಎಂದು ನಾನೂ ಒಮ್ಮೊಮ್ಮೆ ಫೋನು ಎತ್ತುತ್ತಿರಲಿಲ್ಲ. ಎತ್ತದಿದ್ದ ದಿನ ಊಟ ಸೇರುತ್ತಿರಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ತಾನಾಗಿಯೇ ವಿಡಿಯೋ ಕಾಲ್ ಮಾಡಿದ. ಅವ್ವ ಬಂದಿದ್ದಳು, ಒಳಗೆ ಆಯಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನು ತನ್ನ ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿರುವ ಹೆಂಗಸು, ಅವನ ಆಸ್ಪತ್ರೆಯವಳೇ, ಹಿಂದಿನಿಂದ ಬಂದು ಫೋನಿನೊಳಗೆ ಇಣುಕಿ ‘ಇವರು ಯಾರು?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಗಲು ಸಜ್ಜಾದೆ.

‘ನನ್ನ ಅಕ್ಕನ ಮಗಳು’ ಎಂದ.

ತೊದಲಲಿಲ್ಲ, ತಡವರಿಸಲಿಲ್ಲ. ವೀಸಾಕ್ಕೆಂದೇ ಬೆಳಗಾವಿಗೆ ಓಡಾಡಿ ಇಂಗ್ಲಿಷ್ ಕಲಿತವಳು ನಾನು. ತಿಳಿಯಲಿಲ್ಲ ಎಂದು ಸುಮ್ಮನಾಗುವ ಹಾಗೂ ಇರಲಿಲ್ಲ. ಅವಳು ನನಗೆ ಕೈ ಬೀಸಿದಳು. ನಾನೂ ಬೀಸಿದೆ.

ಫೋನು ಇಟ್ಟ ಮೇಲೆ ಅವ್ವ ಎಣ್ಣೆಯ ಕೈಯಲ್ಲೇ ಹೊರಗೆ ಬಂದು, ‘ಏನಂದ ನನ್ನ ತಮ್ಮ? ಏನಾರ ಹೇಳಿದ್ನೇನ?’ ಎಂದು ಕೇಳಿದಳು.

‘ಖರೆ ಹೇಳಿದ್ನಬೇ’ ಎಂದೆ.