ಪ್ಲಗ್ ಪಾಯಿಂಟಿನ ಕುಂಬಾರ ಹುಳ

ಇವತ್ತು ಬೆಳಿಗ್ಗೆ ಶಾಲೆಯ ಹಾಜರಿ ಕಳಿಸುವ ಹೊತ್ತಿಗೆ ಸರಿಯಾಗಿ ನನ್ನ ಮೊಬೈಲು ‘ಜಾಗ ಇಲ್ಲ’ ಎಂದು ಮುಷ್ಕರ ಹೂಡಿತು. ಬೇಡವಾದದ್ದನ್ನು ಅಳಿಸೋಣವೆಂದು ಫೋಟೋಗಳನ್ನು ತೆರೆದರೆ ಮದುವೆ, ಜಾವಳದ ಚಿತ್ರಗಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಹುಳ. ನೊಣದ ಬೆನ್ನು, ಮಿಡತೆಯ ಮೊಣಕಾಲು, ಇರುವೆ ಇದ್ದು ಹೋದ ಎಲೆ. ನಿಜ ಹೇಳಬೇಕೆಂದರೆ ಇರುವೆ ಇದ್ದು ಹೋದ ಎಲೆಯ ಚಿತ್ರಗಳೇ ಹೆಚ್ಚು. ಪಕ್ಕದಲ್ಲಿದ್ದ ಇಂಗ್ಲಿಷ್ ಮೇಡಮ್ಮು ಇಣುಕಿ ನೋಡಿ, ನನ್ನ ಮನೆಯ ಸ್ವಚ್ಛತೆಯ ಬಗ್ಗೆ ಏನೋ ತೀರ್ಮಾನಕ್ಕೆ ಬಂದವರಂತೆ ಕುರ್ಚಿ ಸರಿಸಿಕೊಂಡರು. ಅವರಿಗೆ ವಿವರಿಸಲು ಪುರುಸೊತ್ತಿರಲಿಲ್ಲ. ನಿಮಗಿದ್ದರೆ ಹೇಳುತ್ತೇನೆ.

ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಹಲಗೆಯ ಮೇಲೆ ಜಿರಲೆ ಬರೆದು, ಕಾಲುಗಳನ್ನು ಮಕ್ಕಳಿಂದ ಎಣಿಸಿ, ಮನೆಗೆ ಬಂದು ಅದೇ ಜಿರಲೆಯನ್ನು ಪೊರಕೆಯಿಂದ ಬಡಿಯುವುದು ನನ್ನ ಕೀಟಶಾಸ್ತ್ರವಾಗಿತ್ತು. ಗಂಡ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರು. ಬೆಳಿಗ್ಗೆ ಹೋದರೆ ಸಂಜೆ ಮೈತುಂಬ ತೌಡು ಹೊತ್ತು ಬರುತ್ತಾರೆ. ಮನೆಯಲ್ಲಿ ಉಳಿಯುವವರು ಅತ್ತೆ, ಮಾವ. ಮಾವನವರು ಲಿಂಗಸುಗೂರು, ಮಸ್ಕಿ, ಸಿಂಧನೂರು ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರು ಕೆಲಸದಿಂದ ನಿವೃತ್ತರಾದರೂ ಕಂಡಕ್ಟರಿಕೆ ಅವರಿಂದ ನಿವೃತ್ತವಾಗಿರಲಿಲ್ಲ. ಮನೆಯ ಬಾಗಿಲಲ್ಲಿ ಯಾರಾದರೂ ನಿಂತು ಮಾತಾಡುತ್ತಿದ್ದರೆ, “ಒಳಗ ಸರೀರಿ, ಒಳಗ ಸರೀರಿ, ಜಾಗ ಐತಿ” ಎನ್ನುವರು. ಜೀವಮಾನವಿಡೀ ಸಾವಿರಾರು ಜನರ ಕೈ ನೋಡಿದ್ದರೇ ಹೊರತು ಮುಖ ನೋಡಿದವರಲ್ಲ. ಅತ್ತೆಯ ಪ್ರಕಾರ ಈ ನಿಯಮದಲ್ಲಿ ಹೆಂಡತಿಗೂ ರಿಯಾಯಿತಿ ಇರಲಿಲ್ಲ.

ಒಂದು ದಿನ ಪಿಂಚಣಿಯ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋದವರು ಬರುವಾಗ ಮೊಬೈಲಿಗೆ ಕ್ಲಿಪ್ಪು ಹಾಕಿ ಸಿಕ್ಕಿಸುವ, ಬಾಟಲಿ ಮುಚ್ಚಳದಷ್ಟು ದೊಡ್ಡ ಗಾಜೊಂದನ್ನು ತಂದರು. ಬಿ.ಪಿ. ಗುಳಿಗೆಯ ಹಾಳೆಯ ಮೇಲಿನ ಸಣ್ಣಕ್ಷರ ಓದಲಿಕ್ಕಂತೆ. ಓದಿದ್ದೂ ಆಯಿತು. ಅಷ್ಟರಲ್ಲಿ ಆ ಹಾಳೆಯ ಮೇಲೆ ಒಂದು ಕೆಂಪಿರುವೆ ನಡೆದುಹೋಯಿತು. ಮಾವನವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

“ನೋಡಬೇ ಯವ್ವಾ, ಇದಕ್ಕ ಮೀಸಿ ಅದಾವ! ಮೀಸಿ ತೀಡಾಕತ್ತೈತಿ!”

ನಾನು ನೋಡಿದೆ. ವಿಜ್ಞಾನದ ಶಿಕ್ಷಕಿಯಾದ್ದರಿಂದ “ಅವು ಮೀಸೆಯಲ್ಲ, ಕುಡಿಮೀಸೆ” ಎಂದು ತಿದ್ದಿದೆ. ತಿದ್ದಿದ್ದರಿಂದ ಏನು ಬದಲಾಯಿತೋ ನನಗೂ ಗೊತ್ತಾಗಲಿಲ್ಲ. ಆ ಸಂಜೆಯಿಂದ ನಾವಿಬ್ಬರೂ ಒಂದೇ ತರಗತಿಯ ವಿದ್ಯಾರ್ಥಿಗಳಾದೆವು. ನನ್ನ ಮೊಬೈಲು ಒಳ್ಳೆಯದಾದ್ದರಿಂದ ಅದೇ ನಮ್ಮ ಕ್ಯಾಮೆರಾ ಆಯಿತು.

ಈ ವಿದ್ಯೆಯಲ್ಲಿ ಮೊದಲು ಕಲಿಯುವುದು ಅವಮಾನ. ಆ ಗಾಜಿಗೆ ಮೂರು ಬೆರಳಿನಷ್ಟು ದೂರದಲ್ಲಿರುವುದು ಮಾತ್ರ ಕಾಣುತ್ತದೆ. ಅದರಾಚೆಯ ಲೋಕವೆಲ್ಲ ಮಬ್ಬು. ಅಷ್ಟು ಹತ್ತಿರ ಹೋದರೆ ನಮ್ಮ ನೆರಳೇ ಹುಳದ ಮೇಲೆ ಬೀಳುತ್ತದೆ, ಹುಳ ಹಾರುತ್ತದೆ. ಹಾರದಿದ್ದರೆ ಗಾಳಿ ಬೀಸುತ್ತದೆ. ಗಾಳಿ ನಿಂತರೆ ಕಣ್ಣು ಸ್ಪಷ್ಟವಾಗಿ ರೆಕ್ಕೆ ಮಸುಕಾಗುತ್ತದೆ, ರೆಕ್ಕೆ ಸ್ಪಷ್ಟವಾದರೆ ಕಣ್ಣು. ‘ಕಣ್ಣು ಹಿಡಿದರೆ ಸಾಕು, ಉಳಿದದ್ದು ಹೋಗಲಿ’ ಎಂಬ ಸತ್ಯಕ್ಕೆ ಬರಲು ನಮಗೆ ಒಂದು ಮಳೆಗಾಲ ಬೇಕಾಯಿತು. ಬೆಳಗಿನ ಚಳಿಗೆ ಹುಳಗಳ ಮೈ ಜಡವಾಗಿರುತ್ತದೆ, ಇಬ್ಬನಿ ಆರುವವರೆಗೆ ಅವು ಕದಲುವುದಿಲ್ಲ ಎಂದು ತಿಳಿಯಲು ಇನ್ನೊಂದು ಚಳಿಗಾಲ. ಮಾವನವರು ಕಾಲುವೆ ದಂಡೆಯ ಹೆಲಿಕಾಪ್ಟರ್ ಚಿಟ್ಟೆಗೆ ಮೆಲ್ಲಗೆ “ಹೋಲ್ಡಾನ್” ಎನ್ನುವರು. ಚಿತ್ರ ಸಿಕ್ಕರೆ “ರೈಟ್” ಎಂದು ಬಿಡುಗಡೆ ಮಾಡುವರು. ಬಹಳಷ್ಟು ಚಿಟ್ಟೆಗಳು ರೈಟ್ ಹೇಳುವ ಮುಂಚೆಯೇ ಇಳಿದು ಹೋಗುತ್ತಿದ್ದವು.

ಮಸ್ಕಿಯ ಗುಡ್ಡದಲ್ಲಿ ಸೂರ್ಯನ ಕುದುರೆ ಎಂಬ ಹುಳ ಸಿಗುತ್ತದೆಂದು ಯಾರೋ ಹೇಳಿದ್ದರಿಂದ ಒಂದು ಭಾನುವಾರ ಮೊದಲ ಬಸ್ಸಿಗೇ ಹೊರಟೆವು. ಸಿಕ್ಕಿತು ಕೂಡ: ಬಂಡೆಯ ಬುಡದ ಒಣಹುಲ್ಲಿನಲ್ಲಿ, ಮುಂಗಾಲು ಜೋಡಿಸಿ, ಅರ್ಜಿ ಕೊಡಲು ಬಂದವರಂತೆ ನಿಂತಿತ್ತು. ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕೆಂದು ಮಾವನವರು ಧೋತರ ಸಹಿತ ಬೋರಲು ಮಲಗಿದರು. ನಾನು ಕೊಡೆ ಹಿಡಿದು ನಿಲ್ಲಬೇಕಿತ್ತು. ಇನ್ನೊಂದು ಬಂಡೆಯ ಹಿಂದೆ ಜೇಡ ನೋಡುತ್ತಿದ್ದೆ. ಆಡು ಮೇಯಿಸುವ ಹೆಂಗಸೊಬ್ಬಳು ಈ ದೃಶ್ಯ ಕಂಡು, “ಯಪ್ಪಾ, ಹಿರ್ಯಾ ಬಿದ್ದಾನ್ರೋ!” ಎಂದು ಕೂಗಿದಳು. ಕೆಳಗಿನಿಂದ ನಾಲ್ಕಾರು ಜನ ಓಡಿ ಬಂದರು. ಒಬ್ಬ ತಡಮಾಡದೆ ನೀರಿನ ಬಾಟಲಿಯನ್ನು ಮಾವನವರ ನೆತ್ತಿಗೆ ಸುರಿದ. ಸೂರ್ಯನ ಕುದುರೆ ಹೋಯಿತು. ನೀರು ಸುರಿದವನಿಗೆ ಗುರುತೂ ಸಿಕ್ಕಿತು.

“ಅಯ್ಯ, ನಮ್ಮ ಕಂಡಕ್ಟರ್ ಸಾಹೇಬ್ರು! ಏನ್ ಕಳಕೊಂಡೀರ್ರೀ?”

ಅಷ್ಟು ಜನರೆದುರು ‘ಹುಳದ ಫೋಟೋ ತೆಗೀತಿದ್ದೆ’ ಎನ್ನಲು ಮಾವನವರಿಗೆ ನಾಲಗೆ ಹೊರಳಲಿಲ್ಲ. “ಉಂಗುರ ಬಿದ್ದೈತಿ” ಎಂದುಬಿಟ್ಟರು. ಜನ ಒಳ್ಳೆಯವರು. ಬಿಸಿಲು ಏರುವವರೆಗೆ ಎಲ್ಲರೂ ಸೇರಿ ಇಲ್ಲದ ಉಂಗುರ ಹುಡುಕಿದರು. ಅವರೊಡನೆ ನಾವೂ ಹುಡುಕಿದೆವು. ಕೊನೆಗೆ ಆ ಹೆಂಗಸು “ಸಿಕ್ಕರ ತಂದ್ ಕೊಡ್ತೀನ್ರಿ” ಎಂದು ಮಾತು ಕೊಟ್ಟಳು.

ಸಂಜೆ ಮಾವನವರು ಅಂದಂದಿನ ಚಿತ್ರಗಳನ್ನು ಅತ್ತೆಗೆ ತೋರಿಸುವರು. ಅವರು ಬೆಳ್ಳುಳ್ಳಿ ಸುಲಿಯುತ್ತಲೇ, “ಹೂಂ, ಚಂದ ಐತಿ” ಎನ್ನುವರು. ಮಬ್ಬು ಚಿತ್ರಕ್ಕೂ ಅದೇ ಮಾತು, ಸ್ಪಷ್ಟ ಚಿತ್ರಕ್ಕೂ ಅದೇ ಮಾತು. ಕಲೆಯ ಬಗ್ಗೆ ಇಷ್ಟು ಅನಾದರವೇ ಎಂದು ನಾನೂ ಮಾವನವರೂ ಒಳಗೊಳಗೇ ಕೊರಗುತ್ತಿದ್ದೆವು.

ಹೀಗಿರುವಾಗ ನಮ್ಮ ಅಡುಗೆಮನೆಗೆ ಕುಂಬಾರ ಹುಳ ಬಂತು. ಸಪೂರ ನಡುವಿನ ಆ ಕಪ್ಪು ಕಣಜ ಎಲ್ಲಿಂದಲೋ ಹಸಿ ಮಣ್ಣಿನ ಉಂಡೆ ತಂದು, ಮಿಕ್ಸರಿನ ಪ್ಲಗ್ ಪಾಯಿಂಟಿನ ತೂತಿನಲ್ಲೇ ಮನೆ ಕಟ್ಟತೊಡಗಿತು. ಬಾಯಲ್ಲಿ ಮಣ್ಣು ಹಿಡಿದ ಹುಳದ ಚಿತ್ರ! ಮಾವನವರು ನನ್ನ ಮೊಬೈಲನ್ನು ಮನೆಯಲ್ಲೇ ಉಳಿಸಿಕೊಂಡು ಸ್ಟೂಲು ಹಾಕಿ ಕುಳಿತರು. ಸ್ವಿಚ್ಚಿಗೆ ಬಿಳಿ ಪಟ್ಟಿ ಅಂಟಿಸಿ, ಮಿಕ್ಸರು ಮುಟ್ಟಕೂಡದೆಂದು ಆಜ್ಞೆ ಹೊರಡಿಸಿದರು. ಅಡುಗೆಮನೆಯ ಇನ್ನೊಂದು ಪ್ಲಗ್ಗು ಫ್ರಿಜ್ಜಿನದು.

“ಮಿಕ್ಸರ್ ಇಲ್ಲದ ಶೇಂಗಾ ಹಿಂಡಿ ಹೆಂಗ ಮಾಡ್ಲಿ?” ಎಂದರು ಅತ್ತೆ.

“ಒಳ್ಳಿನ್ಯಾಗ ಕುಟ್ಟು. ನಮ್ಮವ್ವ ಕುಟ್ಟತಿದ್ದಿಲ್ಲೇನು?”

“ನಿಮ್ಮವ್ವನ ಮಾರಿ-ಮೋತಿ ನೋಡಿ ಮಾತಾಡೋ ಗಂಡ ಇದ್ದ. ಕುಟ್ಟತಿದ್ಲು.”

ಅತ್ತೆ ಹಿತ್ತಲಿನ ಕಲ್ಲಿನ ಒಳ್ಳು ತೊಳೆದು ಕುಟ್ಟತೊಡಗಿದರು. ಹುಳ ಕಟ್ಟುತ್ತಿತ್ತು, ಅತ್ತೆ ಕುಟ್ಟುತ್ತಿದ್ದರು, ಮಾವನವರು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಕುಟ್ಟುವ ಹಾರೆ ಅತ್ತೆಯ ಹೆಬ್ಬೆರಳ ಮೇಲೇ ಬಿತ್ತು. ನಾನು ಅರಿಶಿನ ಹಚ್ಚಿ ಬಟ್ಟೆ ಸುತ್ತಿದೆ. ಸಿಟ್ಟಿನಲ್ಲಿ ಕುಟ್ಟಿದರೆ ಹೀಗಾಗುತ್ತದೆ ಎಂದು ಬುದ್ಧಿಯನ್ನೂ ಹೇಳಿ ಶಾಲೆಗೆ ಹೋದೆ. ಸಂಜೆ ಬಂದಾಗ ಒಲೆ ತಣ್ಣಗಿತ್ತು.

“ಅತ್ತಿ ಎಲ್ಲ್ಯದಾರ್ರೀ?”

“ಹೋಗ್ಯಾಳ. ಬಳಗಾನೂರಿಗೆ, ತಮ್ಮನ ಮನಿಗೆ. ‘ಆ ಹುಳದ ಕೂಡಾನ ಸಂಸಾರ ಮಾಡ್ರಿ’ ಅಂದ್ಲು.” ಮಾವನವರು ಸ್ಟೂಲಿನಿಂದ ಇಳಿದಿರಲಿಲ್ಲ.

“ಬಸ್ ಸ್ಟ್ಯಾಂಡಿನ ತನಕಾನರ ಹೋಗಿದ್ದಿಲ್ಲೇನ್ರಿ?”

“ಹುಳ ಮಣ್ಣು ತರಾಕ ಹೋಗಿತ್ತು. ತಿರುಗಿ ಬರೋ ಹೊತ್ತಾಗಿತ್ತು.”

ಮರುದಿನ ಅವರಿಗೆ ಬೇಕಾದ ಚಿತ್ರ ಸಿಕ್ಕಿತು. ಬಾಯಲ್ಲಿ ಮಣ್ಣುಂಡೆ, ಕಣ್ಣು ಸ್ಪಷ್ಟ, ರೆಕ್ಕೆಯೂ ಸ್ಪಷ್ಟ. ಅದೇ ಮಧ್ಯಾಹ್ನ ಹುಳ ಗೂಡಿನ ಬಾಯಿ ಮೆತ್ತಿ ಹೊರಟುಹೋಯಿತು; ತಿರುಗಿ ಬರಲಿಲ್ಲ. ಅದರ ಮನೆ ಕೆಲಸ ಮುಗಿದಿತ್ತು. ಸಂಜೆ ನಾನು ಶಾಲೆಯಿಂದ ಬಂದಾಗ ಮಾವನವರು ಮೊಬೈಲು ಹಿಡಿದು ಪಡಸಾಲೆಗೆ ಬಂದು, ಅತ್ತೆ ಕೂಡುವ ಜಾಗದ ಎದುರು ನಿಂತು, ಸುಮ್ಮನೆ ಒಳಗೆ ಹೋದರು. ಆಮೇಲೆ ನನಗೆ ತೋರಿಸಿದರು. ನಾನು ಬೆಳಕು, ಕೋನ ಎಂದೇನೇನೋ ಹೊಗಳಿದೆ. “ಅಕಿ ಆಗಿದ್ರ ಚಂದ ಐತಿ ಅಂತಿದ್ಲು” ಎಂದರು. ರಾತ್ರಿ ಊಟಕ್ಕೆ ನಾನು ಮಾಡಿದ ರೊಟ್ಟಿ ಇದ್ದುದರಿಂದ ಅವರ ದುಃಖ ಇನ್ನಷ್ಟು ಗಟ್ಟಿಯಾಗಿರಬೇಕು.

ಭಾನುವಾರ ನಾನೇ ಹೊರಡಿಸಿದೆ. ಬಳಗಾನೂರಿನ ಬಸ್ಸಿನಲ್ಲಿ ಮಾವನವರು ಟಿಕೆಟ್ಟು ಕೊಂಡು ಮೂಲೆಯಲ್ಲಿ ಕುಳಿತರು. ಒಬ್ಬರಿಗೂ ಒಳಗೆ ಸರಿಯಲು ಹೇಳಲಿಲ್ಲ. ಅತ್ತೆ ತಮ್ಮನ ಮನೆಯ ಅಂಗಳದಲ್ಲಿ ಕರಿಬೇವಿನ ಗಿಡದ ಕೆಳಗೆ ಕೂತಿದ್ದರು. ನಮ್ಮನ್ನು ಕಂಡು ಏಳಲಿಲ್ಲ. ಏನು ಮಾಡಲೂ ತೋಚದೆ ಮಾವನವರು ಕರಿಬೇವಿನ ಎಲೆ ತಿರುವಿದರು. ಅಲ್ಲೊಂದು ದುಂಡನೆಯ ಹಸಿರು ಕಂಬಳಿಹುಳ! ಅವರ ಕೈ ತಾನಾಗಿ ನನ್ನ ಮೊಬೈಲನ್ನು ಇಸಿದುಕೊಂಡಿತು.

“ಹುಳ ನೋಡಾಕ ಬಂದೀರೋ, ನನ್ನ ನೋಡಾಕ ಬಂದೀರೋ?” ಎಂದರು ಅತ್ತೆ.

ಮಾವನವರು ಬೆಚ್ಚಿದರು. “ನಿನ್ನ ನೋಡಾಕ ಬಂದೀನಿ.”

“ಹಂಗಾರ ನೋಡ್ರಿ.”

ಮೊಬೈಲಿಗೆ ಗಾಜು ಸಿಕ್ಕಿಸಿಯೇ ಇತ್ತು. ಅದನ್ನು ತೆಗೆದು ಬರಿಗಣ್ಣಿನಿಂದ ಹೆಂಡತಿಯನ್ನು ನೋಡುವ ಧೈರ್ಯ ಅವರಿಗೆ ಬರಲಿಲ್ಲವೋ, ಅಭ್ಯಾಸವೇ ಕೈ ನಡೆಸಿತೋ, ಮೊಬೈಲನ್ನೇ ಎತ್ತಿ ಹಿಡಿದರು. ಅತ್ತೆಯ ಮುಖವೆಲ್ಲ ಮಬ್ಬು. ಅದಕ್ಕೇ ಹತ್ತಿರ ಸರಿದರು. ಮತ್ತೂ ಸರಿದರು. ಮೊಣಕಾಲೂರಿ, ಮೂರು ಬೆರಳಿನಷ್ಟು ದೂರಕ್ಕೆ ಬಂದರು. ಸೊಸೆಯಾಗಿ ಬಂದಾಗಿನಿಂದ ಅವರಿಬ್ಬರನ್ನು ಅಷ್ಟು ಸಮೀಪದಲ್ಲಿ ನಾನು ನೋಡಿರಲಿಲ್ಲ. ಅತ್ತೆಯ ತಮ್ಮನ ಹೆಂಡತಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಮಾವನವರು ಮಾತ್ರ ಕಣ್ಣು ಹಿಡಿಯುವುದರಲ್ಲಿದ್ದರು. ಚಿತ್ರ ತೆಗೆದು ನೋಡಿದರು. ಗಾಜನ್ನು ಧೋತರದ ಚುಂಗಿನಿಂದ ಒರೆಸಿ ಮತ್ತೆ ತೆಗೆದರು. ಮತ್ತೆ ಒರೆಸಿದರು.

“ಗಾಜಿಗೆ ಏನೋ ಕುಂತೈತಿಬೇ. ನಡುವ ಮೋಡ ಬಂದಂಗ ಕಾಣಾಕತ್ತೈತಿ.”

ನಾನು ಇಸಿದುಕೊಂಡು ನೋಡಿದೆ. ಕಣ್ಣಿನ ಚಿತ್ರವನ್ನೂ ನಾನು ಹಲಗೆಯ ಮೇಲೆ ವರ್ಷವರ್ಷ ಬರೆಯುತ್ತೇನೆ. ಮೋಡ ಗಾಜಿನಲ್ಲಿರಲಿಲ್ಲ. ಕಪ್ಪಗಿರಬೇಕಾದ ಪಾಪೆಯ ಒಳಗೆ ಬೂದು ಬಣ್ಣದ ಪೊರೆ ಕಟ್ಟಿತ್ತು. ಇನ್ನೊಂದು ಕಣ್ಣಿನಲ್ಲೂ. ಹಾರೆ ಬೆರಳ ಮೇಲೆ ಯಾಕೆ ಬಿತ್ತು, ಎಲ್ಲ ಚಿತ್ರಗಳೂ ಒಂದೇ ಸಮ ಚಂದ ಯಾಕಿದ್ದವು ಎಂಬುದು ಆ ಅಂಗಳದಲ್ಲಿ ನನಗೆ ಹೊಳೆಯಿತು. ಹೇಳಿದೆ. ಮಾವನವರು ನೆಲದಿಂದ ಏಳಲೇ ಇಲ್ಲ.

“ಇದು ಯಾವಾಗಿಂದ?”

“ಭಾಳ ದಿನ ಆತು.”

“ಹೇಳಬಾರದೇನು?”

“ಇರುವಿ ಮೀಸಿ ಯಾರೂ ಹೇಳದ ಕಂಡ್ವು ನಿಮಗ. ನಂದಷ್ಟ ಹೇಳಿ ತೋರಿಸಬೇಕೇನು?”

ಮಾವನವರು ಎದ್ದು, ಅತ್ತೆಯ ಕೈಚೀಲ ತಾವೇ ಎತ್ತಿಕೊಂಡರು. ಬಸ್ಸು ಹತ್ತುವಾಗ ಅವರ ಮೊಣಕೈ ಹಿಡಿದುಕೊಂಡರು. ಅತ್ತೆ ನಾಚಿ “ಜನ ನೋಡ್ತಾರ” ಎಂದರು. “ನೋಡ್ಲಿ” ಎಂದರು ಮಾವನವರು.

ರಾಯಚೂರಿನಲ್ಲಿ ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆ ಮೊದಲು ಎದುರಿಗಿದ್ದ ಗಂಡನನ್ನೇ ನೋಡಿದರು. ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿದರು.

“ನೀವ್ ಯಾವಾಗ ಇಷ್ಟು ಮುದುಕರಾದ್ರಿ?”

“ನೀ ಬಳಗಾನೂರಿಗೆ ಹೋದಾಗ” ಎಂದರು ಮಾವನವರು.

ಮನೆಗೆ ಬಂದು ಅತ್ತೆ ನಮ್ಮ ಹುಳಗಳನ್ನೆಲ್ಲ ಮೊದಲಿನಿಂದ ನೋಡಿದರು. ಕುಂಬಾರ ಹುಳದ ಆ ಅಪರೂಪದ ಚಿತ್ರಕ್ಕೆ ಬಂದಾಗ ಮಾವನವರು ಕುರ್ಚಿಯ ತುದಿಗೆ ಸರಿದರು. “ಥೂ, ಇಂಥಾ ಮೋತಿ ನೋಡಿ ಚಂದ ಐತಿ ಅಂತಿದ್ನೇನು ನಾನು?” ಎಂದರು ಅತ್ತೆ. ನಮ್ಮ ಕಲೆಗೆ ಸಿಕ್ಕ ಮೊದಲ ಪ್ರಾಮಾಣಿಕ ವಿಮರ್ಶೆ ಅದು.

ಈಗ ಈ ಸಾಲುಗಳನ್ನು ಬರೆಯುತ್ತಿರುವುದು ಕಾಲುವೆಯ ದಂಡೆಯ ಮೇಲೆ ಕೂತು. ಭತ್ತದ ಗದ್ದೆಯ ಮೇಲೆ ಸಂಜೆಯ ಬಿಸಿಲಿದೆ. ಮೊಬೈಲು ನನ್ನ ಕೈಯಲ್ಲಿಲ್ಲ, ಅತ್ತೆಯ ಕೈಯಲ್ಲಿದೆ. ಕಲಿಸಬೇಕೆಂದು ಅವರೇ ಹಟ ಹಿಡಿದಿದ್ದಾರೆ. ಹುಲ್ಲಿನ ತುದಿಯಲ್ಲಿ ಒಂದು ಕೆಂಪು ಹೆಲಿಕಾಪ್ಟರ್ ಚಿಟ್ಟೆ ಕೂತಿದೆ. ಅದರಾಚೆ ಗದ್ದೆಯ ಬದುವಿನಲ್ಲಿ ನಿಂತು ಮಾವನವರು ಪಾಠ ಹೇಳುತ್ತಿದ್ದಾರೆ.

“ಉಸುರು ಹಿಡಿ. ಹಿಡದ ಮ್ಯಾಲ ಒತ್ತು.”

“ನಿಮ್ಮ ಮನಿಗೆ ಬಂದಾಗಿಂದ ಉಸುರು ಹಿಡದೀನಿ. ಇನ್ ಮುಂದ ಬಿಡ್ತೀನಿ” ಎಂದು ಅತ್ತೆ ನಕ್ಕರು. ಕೈ ಅಲುಗಿತು, ಚಿಟ್ಟೆ ಹಾರಿತು.

ಮಾವನವರು ಬಂದು ಚಿತ್ರ ನೋಡಿದರು. ಒಂದು ಹುಲ್ಲಿನ ತುದಿ, ಅದರ ಹಿಂದೆ ಬಿಳಿಯ ಮಬ್ಬು. “ಇದರಾಗ ಏನೂ ಇಲ್ಲಲ್ಲ.”

“ಯಾಕಿಲ್ಲ? ಹಿಂದ ನೀವ್ ನಿಂತೀರಿ ನೋಡ್ರಿ. ಇಷ್ಟು ದಿನ ನೀವ್ ನನಗ ಹಿಂಗ ಕಾಣ್ತಿದ್ರಿ.”

ಮಾವನವರು ಕನ್ನಡಕವನ್ನು ಹಣೆಗೇರಿಸಿ ಆ ಬಿಳಿ ಮಬ್ಬನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು:

“ಸ್ವಲ್ಪ ದಪ್ಪ ಕಾಣ್ತೀನಿ.”